ಹಸಿರು ಚೌಕಗಳೂ ಒಂದು ಹಕಾರವೂ

ಶಾಲೆಯಲ್ಲಿ ಒಮ್ಮೆಯೂ ಮೊದಲ ಸ್ಥಾನ ಕಾಣದ ನಾನು ಐವತ್ತು ದಾಟಿದ ಮೇಲೆ ಅದನ್ನು ಕಂಡೆ. ಬೆಳಗ್ಗೆ ಎದ್ದವನೇ ಮೊಬೈಲು ತೆರೆದು, ನನ್ನ ಹೆಸರು ಇನ್ನೂ ಮೇಲೆಯೇ ಇದೆಯೇ ಎಂದು ನೋಡಿಕೊಂಡು, ಆಮೇಲೆ ಕಾಫಿ ಕುಡಿಯುವಷ್ಟು ಕೆಟ್ಟುಹೋಗಿದ್ದೆ.

ನಾನು ಹುಣಸೂರಿನ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಲಗ್ನಪತ್ರಿಕೆಯಲ್ಲಿ ವರನ ತಂದೆಯ ಹೆಸರು ಸರಿಯಾಗಿದ್ದರೆ ನನ್ನ ದಿನ ಸಾರ್ಥಕ. ಬಿಡುವಿನಲ್ಲಿ ಇನ್ನೊಂದು ಹವ್ಯಾಸವಿದೆ. ಕನ್ನಡದ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ. ಕಣ್ಣು ಕಾಣದವರಿಗೆಂದು ಮಾಡಿದ್ದು. ಅದಕ್ಕೆ ಯಜಮಾನರಿಲ್ಲ. ಒಳಗಿನದೆಲ್ಲ ತೆರೆದಿಟ್ಟಿದೆ, ಯಾರು ಬೇಕಾದರೂ ತಿದ್ದಬಹುದು. ನಿಯಮ ಒಂದೇ: ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಕಿವಿಯಾರೆ ಕೇಳಿ ಒಪ್ಪಬೇಕು.

ಪಿರಿಯಾಪಟ್ಟಣದಲ್ಲಿ ಕಂಪ್ಯೂಟರ್ ಪಾಠ ಹೇಳುವ ಮಹದೇವಪ್ಪನವರು ನಮ್ಮ ಗುಂಪಿನ ಚುರುಕಿನ ಆಸಾಮಿ. “ಯಾರು ದುಡೀತಾವ್ರೆ, ಯಾರು ಬರೀ ಎಸ್ರುಗವ್ರೆ ಅಂತ ಗೊತ್ತಾಗ್ಬೇಡ್ವಾ ಸಾ?” ಎಂದು ಒಂದು ಚಾರ್ಟು ಮಾಡಿ ಹಾಕಿದರು. ಒಂದು ತಿದ್ದುಪಡಿಗೆ ಒಂದು ಹಸಿರು ಚೌಕ. ಅಷ್ಟೇ ಸಾಕಾಯಿತು. ಹತ್ತು ಪದಗಳನ್ನು ಒಟ್ಟಿಗೆ ಕಳಿಸುತ್ತಿದ್ದ ನಾನು ಒಂದೊಂದಾಗಿ ಕಳಿಸತೊಡಗಿದೆ. ಹೆಸರಿನ ಮುಂದೆ ಗದ್ದೆ ಬೆಳೆಯಿತು. ಇನ್ನೊಬ್ಬರ ಕೆಲಸ ಕೇಳಿ ನೋಡುವುದಕ್ಕೆ ಮಾತ್ರ ಚೌಕವಿರಲಿಲ್ಲ. ಹಾಗಾಗಿ ಅದನ್ನು ಯಾರೂ ಕೇಳಲಿಲ್ಲ. ಸುಮ್ಮನೆ ‘ಒಪ್ಪಿದೆ’ ಒತ್ತಿ ಮುಂದೆ ಹೋದೆವು.

ಆ ದಿನಗಳಲ್ಲೇ ಮಹದೇವಪ್ಪನವರಿಗೆ ನಮ್ಮ ಓದುವ ಯಂತ್ರದ ಹಕಾರ ಏದುಸಿರಿನಂತೆ ಕೇಳಿಸಿತಂತೆ. ಅದನ್ನು ಕೊಂಚ ಮೆದು ಮಾಡಿದರು. ನಾನು ‘ಒಪ್ಪಿದೆ’ ಒತ್ತಿದೆ.

ಕೆಲವು ದಿನದ ಮೇಲೆ ಕೆ.ಆರ್. ನಗರದ ಕಡೆಯಿಂದ ಸಾವಿತ್ರಿ ಟೀಚರ್ ಫೋನ್ ಮಾಡಿದರು. ಅವರಿಗೆ ದೃಷ್ಟಿಯಿಲ್ಲ. ಹಳ್ಳಿ ಶಾಲೆಯಲ್ಲಿ ಪಾಠ ಮಾಡುತ್ತಾರೆ. ಸುತ್ತೋಲೆ, ಪಾಠ ಎಲ್ಲವನ್ನೂ ನಮ್ಮ ಯಂತ್ರವೇ ಅವರ ಕಿವಿಗೆ ಓದುತ್ತದೆ.

“ಸಾರ್, ಸ್ಪರ್ಧೆ ಸುತ್ತೋಲೇನ ‘ಆಡುವ ಮಕ್ಕಳನ್ನು ಕರೆತನ್ನಿ’ ಅಂತ ಓದ್ತು ನಿಮ್ ಯಂತ್ರ. ಸರಿ ಅಂತ ಕಬಡ್ಡಿ ಆಡೋರ್ನೆಲ್ಲ ಕರ್ಕೊಂಡ್ ಹೋದೆ. ಅಲ್ಲೋದ್ರೆ ಹಾರ್ಮೋನಿಯಂ ಸದ್ದು ಕೇಳುಸ್ತದೆ!”

ನಾನು ನಕ್ಕೆ. ಅವರು ನಗಲಿಲ್ಲ.

“ನಮ್ ಚೈತ್ರ ಎಂಗ್ ಹಾಡ್ತಾಳೆ ಗೊತ್ತಾ? ಅವ್ಳುನ್ನೇ ಬುಟ್ಟೋದೆ. ಈಗ ಮಾತಾಡುಸುದ್ರೂ ಮಾತಾಡಕಿಲ್ಲ.” ಮತ್ತೆ ಹೇಳಿದರು: “ಇನ್ಮೇಲೆ ಅದು ಏನ್ ಓದುದ್ರೂ ನಂಗೆ ಅನುಮಾನ ಸಾರ್.”

ಹಳಗನ್ನಡದ ‘ಪಾಡು’ ಕಾಲ ಕಳೆದಂತೆ ‘ಹಾಡು’ ಆಯಿತು. ನಮ್ಮ ಸೀಮೆಯ ಬಾಯಲ್ಲಿ ಆ ಹಕಾರವೂ ಸವೆದು ‘ಆಡು’ ಆಯಿತು. ಜನ ತಲೆಮಾರುಗಳುದ್ದಕ್ಕೂ ನಿಧಾನವಾಗಿ ಸವೆಸಿದ್ದನ್ನು ನಾವಿಬ್ಬರು ಹಸಿರು ಚೌಕಗಳ ಆಸೆಗೆ ಒಂದೇ ಸಂಜೆ ಮುಗಿಸಿದ್ದೆವು. ಭಾಷಾ ಇತಿಹಾಸದಲ್ಲಿ ನನ್ನ ಪಾತ್ರ ಇಷ್ಟೇ.

ಮಹದೇವಪ್ಪನವರಿಗೆ ಫೋನ್ ಮಾಡಿದೆ.

“ನಾನೇ ಮಾಡಿದ್ದು ಸಾ. ನೀವು ಕೇಳಿ ನೋಡುದ್ರಲ್ಲಾ?”

“ಇಲ್ಲ.”

“ನಿಮ್ದೂ ನಾನು ಕೇಳಿಲ್ಲ ಬುಡಿ.”

ಹಳೆಯ ಹಕಾರ ಅಂದೇ ವಾಪಸು ಬಂತು. ಕೇಳುವುದಕ್ಕೂ ಒಂದು ಚೌಕ ಕೊಡೋಣವೆಂದು ಮಹದೇವಪ್ಪನವರು ಚಾರ್ಟು ತಿದ್ದಿದರು. ಮಾರನೆಯ ದಿನಕ್ಕೇ ಎಲ್ಲರೂ ಎಲ್ಲವನ್ನೂ ಕೇಳಿಬಿಟ್ಟಿದ್ದರು. ಉದ್ದದ ಪಾಠವನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ! “ಇದು ಅಳ್ತೆಗೆ ಸಿಕ್ಕಾ ಸಾಮಾನಲ್ಲ ಸಾ” ಎಂದು ನಕ್ಕು, ಅವರೇ ಆ ಚೌಕ ಕಿತ್ತುಹಾಕಿದರು.

ಭಾನುವಾರ ಹುಣಸೂರಿನಲ್ಲಿ ಇಬ್ಬರೂ ಜೊತೆಯಾಗಿ ಕೆ.ಆರ್. ನಗರದ ಬಸ್ಸು ಹತ್ತಿದೆವು. ಟೀಚರ್ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಯಂತ್ರದಿಂದ ಓದಿಸಿದೆವು. ಹಾಲು, ಹರಳು, ಹೊಳೆ. ಅವರು ಕತ್ತು ಓರೆ ಮಾಡಿ ಒಂದೊಂದನ್ನೂ ಕೇಳಿದರು. “ಇನ್ನೊಂದ್ ಸಲ” ಎಂದರು. ಮತ್ತೆ “ಇನ್ನೊಂದ್ ಸಲ.” ನಾವು ಅವಸರ ಮಾಡಲಿಲ್ಲ. ಅಷ್ಟು ಹೊತ್ತು ಒಂದಕ್ಷರವನ್ನು ಕೇಳುತ್ತ ಕೂತದ್ದು ನನಗೆ ಯಾಕೋ ಹಿತವಾಗಿತ್ತು. ಕೊನೆಗೆ ಟೀಚರ್, “ಈಗ ಸರೋಯ್ತು. ಆದ್ರೂ ತಿಂಗ್ಳಿಗೊಂದ್ ಸಲ ಬನ್ನಿ” ಎಂದರು. ಬರುತ್ತೇವೆಂದು ಒಪ್ಪಿಕೊಂಡೆವು.

ಪಕ್ಕದ ಮನೆಯ ಚೈತ್ರ ಅಷ್ಟು ಹೊತ್ತೂ ಕಂಬಕ್ಕೊರಗಿ ನಮಗೆ ಬೆನ್ನು ತಿರುಗಿಸಿ ಕೂತಿದ್ದಳು. ಈಗ ಮೆಲ್ಲಗೆ ಇತ್ತ ತಿರುಗಿ, ಯಂತ್ರದತ್ತ ಗದ್ದ ಚಾಚಿದಳು.

“ಇದ್ಕೆ ರಾಗ ಬತ್ತದಾ?”

“ಇಲ್ಲ ಕಣವ್ವ, ಬರೀ ಓದ್ತದೆ” ಎಂದರು ಮಹದೇವಪ್ಪ.

“ಅಂಗಾರೆ ನಾನೇ ಆಡ್ತೀನಿ, ಬುಡಿ.”

ಆ ‘ಆಡ್ತೀನಿ’ಯನ್ನು ಆಟವೆಂದು ಯಾರೂ ಅಂದುಕೊಳ್ಳಲಿಲ್ಲ. ಟೀಚರ್ ಕೈ ಚಾಚಿ ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು. ಮಹದೇವಪ್ಪ ಲ್ಯಾಪ್‌ಟಾಪ್ ಮುಚ್ಚಿದರು. ನಾನು ಚಪ್ಪಲಿ ಬಿಟ್ಟು, ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತೆ.