ನಾನು ತಿರುಗಿಸಿಬಿಟ್ಟ ಹತ್ತು ಓಣಿಗಳು

ಬಲಕ್ಕೆ ಹೊರಳಿ ಅಂದ ವಾಚ್‌ಮನ್. ಯಾರ ಬಲಕ್ಕೆ ಎಂದು ಕೇಳಿದೆ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಪುಣೆಯಲ್ಲಿ ಅದು ನನ್ನ ಮೊದಲ ಬೆಳಿಗ್ಗೆ. ಹಾಲು ತರಲು ಕೆಳಗೆ ಇಳಿದಿದ್ದೆ. ಅವನು ನನ್ನ ಎದುರಿಗೆ ನಿಂತಿದ್ದಾನೆ, ಅವನ ಬಲ ನನ್ನ ಎಡ. ‘ಸರಳ ಜಾ, ಉಜವೀಕಡೇ ವಳಾ’ ಎಂದು ಮತ್ತೆ ಅದನ್ನೇ ಅಂದ. ನೆಟ್ಟಗೆ ಹೋಗಿ ಬಲಕ್ಕೆ ಹೊರಳು ಎಂದರ್ಥ. ಹೋದೆ, ಹೊರಳಿದೆ. ಹಾಲು ಸಿಗಲಿಲ್ಲ. ತಿರುಗಿ ಬಂದರೆ ಮನೆಯೂ ಸಿಗಲಿಲ್ಲ. ಒಂದು ತಾಸಿನ ಮೇಲೆ, ಭೋಸರಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುತ್ತಿದ್ದ ಅಳಿಯ ನನ್ನನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಬಂದ. ಅರವತ್ತೆಂಟು ವರ್ಷದ ಅತ್ತೆಯನ್ನು ಬೀದಿಯಿಂದ ಎತ್ತಿಕೊಂಡು ಬಂದದ್ದಕ್ಕೆ ಅವನಿಗೆ ನಗು, ನನಗೆ ಸಿಟ್ಟು.

ಬೈಲಹೊಂಗಲದ ಕಡೆಯ ನಮ್ಮೂರಲ್ಲಿ ಎಡ ಬಲ ಅನ್ನುವುದು ನೊಗಕ್ಕೆ ಹೂಡಿದ ಎತ್ತಿಗೆ ಮಾತ್ರ. ಮನುಷ್ಯರಿಗೆ ಮೂಡಲ, ಪಡುವಲ, ತೆಂಕಲ, ಬಡಗಲ. ಊಟಕ್ಕೆ ಕುಳಿತವರಿಗೂ ‘ಒಂದೀಟು ತೆಂಕಲಕ ಸರೀರಿ’ ಅನ್ನುತ್ತೇವೆ. ಬೆನ್ನು ತುರಿಸಲು ಕೂತ ಮೊಮ್ಮಗುವಿಗೂ ‘ಇನ್ನೊಂದು ಚೂರು ಮೂಡಲಕ’ ಎಂದೇ ಹೇಳುವುದು. ಮನುಷ್ಯ ಹೊರಳಿದರೆ ಅವನ ಎಡಬಲವೂ ಹೊರಳುತ್ತದೆ, ಸೂರ್ಯ ಹೊರಳುವುದಿಲ್ಲ. ಹೊರಳುವುದನ್ನು ನಂಬಿ ದಾರಿ ಹೇಳುವ ಊರು ಇದೆಂಥದು ಅಂದುಕೊಂಡೆ.

ನಾನು ಬಂದದ್ದು ಎರಡು ತಿಂಗಳಿಗೆ. ಮಗಳು ಮಹಾದೇವಿಗೆ ಬೆನ್ನಿನ ಆಪರೇಷನ್ ಆಗಿತ್ತು, ಅಡುಗೆಗೆ ಒಬ್ಬರು ಬೇಕಿತ್ತು. ಊರಿನ ಮನೆಯಲ್ಲಿ ಮೈದುನನ ಸಂಸಾರ ತುಂಬಿಕೊಂಡಿದೆ, ನಾನಿಲ್ಲದಿದ್ದರೆ ಅಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ. ಎರಡು ತಿಂಗಳು ಹೋಗಿ ಈಗ ಎಷ್ಟಾಯಿತು ಎಂದು ಎಣಿಸುವುದನ್ನೇ ಬಿಟ್ಟಿದ್ದೇನೆ.

ಬಂದದ್ದು ಮಳೆಗಾಲದ ಬಾಯಿಗೆ. ಸೂರ್ಯ ಕಾಣಲೇ ಇಲ್ಲ. ಒಮ್ಮೊಮ್ಮೆ ಇಣುಕಿದರೂ ನಡುನೆತ್ತಿಯ ಮೇಲೆ, ಅದೂ ಎದುರಿನ ಗಾಜಿನ ಕಟ್ಟಡಗಳಿಗೆ ಬಡಿದು ನಾಲ್ಕೂ ಕಡೆಯಿಂದ ಹೊಳೆಯುತ್ತಿದ್ದ. ಹಾಗಾದರೆ ಮೂಡಲ ಯಾವುದು? ನಾನು ದೇವರ ಜಗಲಿ ನೋಡಿಕೊಂಡೆ. ನಮ್ಮಲ್ಲಿ ಯಾರ ಮನೆಗೆ ಹೋದರೂ ದೇವರು ಮೂಡಲಕ್ಕೆ ಮುಖ ಮಾಡಿ ಕೂತಿರುತ್ತಾನೆ. ಮಗಳ ಮನೆಯಲ್ಲಿ ಫ್ರಿಜ್ಜಿನ ಪಕ್ಕ ಕೂತಿದ್ದ. ಅವನ ಮುಖ ಯಾವ ಕಡೆಗಿದೆಯೋ ಅದೇ ಮೂಡಲ ಎಂದು ಗಟ್ಟಿ ಮಾಡಿಕೊಂಡ ಮೇಲೆ ನನಗೆ ಜೀವ ಬಂತು. ಹಾಲಿನ ಅಂಗಡಿ ತೆಂಕಲಕ್ಕೆ, ಕಾಯಿಪಲ್ಲೆ ಬಡಗಲಕ್ಕೆ. ಮತ್ತೆ ದಾರಿ ತಪ್ಪಲಿಲ್ಲ.

ಉಳಿದದ್ದೆಲ್ಲ ನಿಧಾನಕ್ಕೆ ಅಭ್ಯಾಸವಾಯಿತು. ಇಲ್ಲಿಯವರು ಬೇಳೆಸಾರಿಗೆ ಬೆಲ್ಲ ಹಾಕುತ್ತಾರೆ, ಜ್ವರ ಬಂದವರಿಗೆ ಕೊಡುವ ಹಾಗಿರುತ್ತದೆ. ಜೋಳದ ರೊಟ್ಟಿಗೆ ಭಾಕರಿ ಅನ್ನುತ್ತಾರೆ, ಅದು ದಪ್ಪ. ನಾನು ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯಾಕೆ ಮೇಲೆ ಬಂದು ಏನು ಒಡೆಯುತ್ತಿದ್ದೀರಿ ಎಂದು ಕೇಳಿದಳು. ಬಿಸಿಯವು ಎರಡು ಕೊಟ್ಟು ಕಳಿಸಿದೆ. ಮರುದಿನ ಮತ್ತೆ ಬಂದಳು, ಇವತ್ತು ಬಡಿಯುವುದಿಲ್ಲವೇ ಎಂದು ವಿಚಾರಿಸಲಿಕ್ಕೆ. ಆದರೆ ಒಂದು ಮಹಡಿಗೆ ಎಂಟು ಬಾಗಿಲು, ಎಂಟೂ ಮುಚ್ಚಿರುತ್ತವೆ. ಊರಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚಿದ್ದರೆ ಏನೋ ಆಗಿದೆ ಎಂದು ಹೋಗಿ ನೋಡುತ್ತೇವೆ. ಇಲ್ಲಿ ಹಾಗೆ ನೋಡಲು ಹೊರಟರೆ ದಿನಕ್ಕೆ ಎಂಟು ಸಲ ಹೋಗಬೇಕು.

ಮಾತಿಗೆ ಜನ ಸಿಕ್ಕದ್ದು ಮೆಟ್ಟಿಲ ಮೇಲೆ. ನಾಲ್ಕು ಮನೆಯ ಕಸ ಪಾತ್ರೆ ಮಾಡುವ ಶಾಂತವ್ವ ಫೋನಿನಲ್ಲಿ ಯಾರನ್ನೋ ಕನ್ನಡದಲ್ಲಿ ಬಯ್ಯುತ್ತಿದ್ದಳು. ಆ ಬೈಗುಳ ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ವಿಜಾಪುರ ಜಿಲ್ಲೆ, ಇಂಡಿ ಕಡೆಯವಳು. ನಮ್ಮ ಕಟ್ಟಡದ ಹಿಂದಿನ ಚಾಳಿನಲ್ಲಿ ಅವಳಂಥವರು ಹತ್ತು ಮಂದಿ ಇದ್ದರು. ಸಾಲುಮನೆಗಳಿಗೆ ಇಲ್ಲಿ ಚಾಳ ಅನ್ನುತ್ತಾರೆ.

ಇನ್ನು ನಕಾಶೆಯ ವಿಷಯ. ಮಹಾದೇವಿಯ ಮಗಳು ವಿದ್ಯಾ ಚಿತ್ರಕಲೆ ಓದಿದವಳು. ಅವಳೂ ಅವಳ ಗೆಳತಿ ಮೃಣಾಲೂ ಸೇರಿ ಇಡೀ ಪುಣೆಯ ನಕಾಶೆ ಬರೆಯಲು ಹೊರಟಿದ್ದರು. ಹನ್ನೆರಡು ದೊಡ್ಡ ಬಟ್ಟೆಗಳ ಮೇಲೆ, ಗೋಡೆ ತುಂಬುವಷ್ಟು. ಫೋನಿನಲ್ಲಿ ನಕಾಶೆ ಇದೆಯಲ್ಲ, ಮತ್ತೆ ಯಾಕೆ ಎಂದೆ.

‘ಅದು ಗಾಡಿ ಹೋಗೋ ದಾರಿ ಹೇಳತೈತಿ, ಆಯಿ. ನಂದು ನಡಕೊಂಡು ಹೋಗೋರ ದಾರಿ’ ಅಂದಳು. ನಮ್ಮಲ್ಲಿ ಆಯಿ ಎಂದರೆ ಅಜ್ಜಿ.

ಕೆಲಸ ಹೀಗೆ. ದಿನವೂ ನಡೆಯುವವರನ್ನು ಹಿಡಿದು ಅವರ ದಾರಿಯನ್ನು ಅವರ ಬಾಯಿಂದಲೇ ಫೋನಿಗೆ ಹೇಳಿಸುವುದು. ಆಮೇಲೆ ಎಐ. ಎಐ ಎಂದರೆ ಕೃತಕ ಬುದ್ಧಿ ಎಂದು ವಿದ್ಯಾ ಹೇಳಿದಳು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳಿಗೆ ತಿಳಿದಷ್ಟು ಹೇಳುತ್ತೇನೆ: ಒಂದು ಸಾಧನ ಮರಾಠಿ, ಕನ್ನಡ, ಹಿಂದಿ ಯಾವುದೇ ಇರಲಿ, ಮಾತನ್ನು ಅಕ್ಷರ ಮಾಡುತ್ತದೆ. ಇನ್ನೊಂದು ಆ ಅಕ್ಷರದಿಂದ ಯಾವ ದಿಕ್ಕಿಗೆ ಎಷ್ಟು ಹೆಜ್ಜೆ ಎಂದು ತೆಗೆದು ಗೆರೆ ಎಳೆಯುತ್ತದೆ. ಮತ್ತೊಂದು ಚಿತ್ರದ ಕರಡು ಕೊಡುತ್ತದೆ. ಅದನ್ನು ನೋಡಿ ತಿದ್ದಿ ಇವರು ಬಟ್ಟೆಯ ಮೇಲೆ ಕೈಯಿಂದ ಬರೆಯುತ್ತಾರೆ. ತಿದ್ದುವುದೇ ಹೆಚ್ಚು. ಯಾರಾದರೂ ಮರ ಅಂದರೆ ಸಾಕು, ಆ ಸಾಧನ ಆಲದ ಮರ ಬರೆಯುತ್ತಿತ್ತು. ಚಾಳಿನಲ್ಲಿರುವುದು ನುಗ್ಗೆ ಮರ ಎಂದು ಹೇಳಿದವಳು ನಾನು. ಅಂದಿನಿಂದ ಕರಡು ಬಂದಾಗಲೆಲ್ಲ ‘ಆಯಿ, ನೋಡ ಬಾ’ ಎಂದು ಕರೆಯತೊಡಗಿದಳು.

ಚಾಳಿನ ಹೆಂಗಸರು ವಿದ್ಯಾಳ ಫೋನಿಗೆ ಬಾಯಿ ಬಿಡಲಿಲ್ಲ. ಯಾವುದೋ ಕಚೇರಿಯಿಂದ ಬಂದಿದ್ದಾಳೆ, ಮನೆ ಕೆಡವುತ್ತಾರೆ ಅಂದುಕೊಂಡರು. ನಾನು ಹೋದೆ. ಶಾಂತವ್ವನ ಕಟ್ಟೆಯ ಮೇಲೆ ಕೂತು ಹೇಳಿದೆ: ‘ನಿಮ್ಮ ಓಣಿ ನಕಾಶೆದಾಗ ಬರತೈತಿ. ನಿಮ್ಮ ಬಾಗಿಲಾನೂ ಬರತೈತಿ. ಇದು ನನ್ನ ಮಾತು.’

ಶಾಂತವ್ವ ಮೊದಲು ಒಪ್ಪಿದಳು. ‘ನನ್ನ ಓಣಿ ಫೋನಿನ್ಯಾಗ ಇಲ್ಲರೀ ಯಮ್ಮಾರ. ಎಲ್ಲಿ ಇರ್ತೀ ಅಂತ ಮೈದುನ ಕೇಳ್ತಾನ. ಹುಡುಕಿದ್ರ ಅಲ್ಲಿ ಬರೇ ಬಯಲು ತೋರಸ್ತದ. ಊರಾಗ ಎಲ್ಲಾರೂ ನಾ ಗುಡಸಲಾಗ ಬಿದ್ದೀನಿ ಅಂತಾರ. ಇದರಾಗರ ಬರಲಿ.’

ಹತ್ತು ಹೆಂಗಸರು, ಹತ್ತು ಓಣಿ. ಪುಣೆಯಲ್ಲಿ ಇದ್ದೂ ಇದ್ದೂ ಅವರಿಗೂ ಎಡಬಲ ಅಂಟಿತ್ತು. ನನಗೆ ಅದು ಸರಿಬರಲಿಲ್ಲ. ಊರಲ್ಲಿ ದಾರಿ ಕೇಳಿದವರು, ಹೇಳಿದ್ದನ್ನು ತಿರುಗಿ ಹೇಳಬೇಕು. ಹೇಳದಿದ್ದರೆ ಕೇಳಿಸಿಕೊಂಡಿಲ್ಲ ಎಂದು ಲೆಕ್ಕ. ಹಾಗೆ ಪ್ರತಿಯೊಬ್ಬಳು ಮುಗಿಸಿದ ಮೇಲೆ ನಾನು ಅದನ್ನು ದಿಕ್ಕಿನ ಲೆಕ್ಕಕ್ಕೆ ತಂದು ಫೋನಿಗೆ ಗಟ್ಟಿಯಾಗಿ ಹೇಳಿದೆ. ಇಷ್ಟು ಚೊಕ್ಕ ದಾರಿ ಈ ಊರಲ್ಲಿ ಯಾರೂ ಹೇಳಿರಲಿಕ್ಕಿಲ್ಲ ಎಂದು ನನಗೆ ಸ್ವಲ್ಪ ಜಂಬವೇ ಇತ್ತು.

ಶ್ರಾವಣ ಮುಗಿದ ಮೇಲೆ ಒಂದು ಬುಧವಾರ ನಮ್ಮ ಭಾಗದ ಕರಡು ಬಂತು. ಶನಿವಾರ ಹನ್ನೆರಡೂ ಬಟ್ಟೆಗಳನ್ನು ಪೇಟೆಯ ಒಂದು ವಾಚನಾಲಯದ ಗೋಡೆಗೆ ತೂಗುಹಾಕಬೇಕಿತ್ತು. ವಿದ್ಯಾ ಹಾಳೆ ಹರಡಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬೆರಳಿಟ್ಟಳು.

‘ಏನಾತು?’

‘ಶಾಂತವ್ವನ ಮನಿ ಕಾರ್ಖಾನಿ ಕಂಪೌಂಡಿನ ಒಳಗ ಬಂದೈತಿ ಆಯಿ. ಇನ್ನೊಬ್ಬಾಕಿ ಮನಿ ಕೆರಿ ನಡುವ ಐತಿ.’

‘ನಿನ್ನ ಸಾಧನಕ್ಕ ತಲಿ ಕೆಟ್ಟೈತಿ’ ಅಂದೆ. ‘ಎಂದರ ಸೂರ್ಯನ ನೋಡೈತೇನು ಅದು?’

ಮೃಣಾಲ್ ಮೆತ್ತಗಿನ ಹುಡುಗಿ. ಮರಾಠಿಯಲ್ಲಿ ಹೇಳಿದಳು: ‘ಆಜಿ, ಹೊತ್ತಿಲ್ಲ. ಆ ಹತ್ತು ಓಣಿ ಬಿಟ್ಟು ಅಲ್ಲಿ ಬೂದು ಬಣ್ಣ ತುಂಬೋಣ. ಬೇರೆ ದಾರಿಯಿಲ್ಲ.’

ಬೂದು ಬಣ್ಣ ಎಂದರೆ ಮತ್ತೆ ಬಯಲು. ಶಾಂತವ್ವನಿಗೆ ಮಾತು ಕೊಟ್ಟವಳು ನಾನು. ಒಂದು ಸಲ ಎಲ್ಲವನ್ನೂ ಹಚ್ಚಿ ಕೇಳಿಸು ಎಂದೆ. ವಿದ್ಯಾ ಶಾಂತವ್ವನದನ್ನು ಹಚ್ಚಿದಳು. ಅದರಲ್ಲಿ ಶಾಂತವ್ವ ದಾರಿ ಹೇಳಿ ಮುಗಿಸಿದಳು, ನಾನು ತಿರುಗಿ ಹೇಳಿದೆ. ಆಮೇಲೆ ಅವಳ ದನಿ, ಮೆಲ್ಲಗೆ: ‘ಅದು ಬಡಗಲ ಅಲ್ಲರೀ ಯಮ್ಮಾರ, ಪಡುವಲ. ಸಂಜೀಕ ಹೊತ್ತು ಆ ಕಡೀನ ಮುಳಗ್ತದ.’ ತಕ್ಷಣ ನನ್ನ ದನಿ: ‘ಸುಮ್ಮನಿರವ. ನಮ್ಮ ದೇವರು ಸುಳ್ಳು ಹೇಳತಾನೇನು? ಬಡಗಲ ಅಂದ್ರ ಬಡಗಲ.’ ಆಮೇಲೆ ಅವಳ ದನಿ ಇಲ್ಲ.

ಹೀಗೊಂದು ಮಾತು ನಡೆದದ್ದೇ ನನಗೆ ನೆನಪಿರಲಿಲ್ಲ. ಅವಳ ಓಣಿಗೆ ನಾನು ದಿಕ್ಕು ಹೇಳಿಕೊಟ್ಟಿದ್ದೆ. ಸಾಧನ ಇಬ್ಬರದನ್ನೂ ಬರೆದುಕೊಂಡಿತ್ತು. ಗಟ್ಟಿಯಾಗಿ, ಕೊನೆಗೆ ಹೇಳಿದವಳನ್ನು ನಂಬಿತ್ತು. ಮನುಷ್ಯರೂ ಅಷ್ಟೇ ತಾನೇ.

ವಿದ್ಯಾ ಎದ್ದು ಫೋನಿನಲ್ಲಿ ದಿಕ್ಕು ತೋರಿಸುವ ಮುಳ್ಳು ತೆರೆದು ಅದನ್ನು ಜಗಲಿಯ ಮೇಲಿಟ್ಟಳು. ‘ಆಯಿ, ದೇವರು ಬಡಗಲಕ ಮುಖ ಮಾಡ್ಯಾನ.’

ಒಳಗಿನ ಮಂಚದಿಂದ ಮಹಾದೇವಿ ಅಂದಳು: ‘ಅಲ್ಲೇ ಪ್ಲಗ್ ಪಾಯಿಂಟ್ ಇತ್ತವ್ವ. ದೇವರಿಗೆ ಲೈಟ್ ಬ್ಯಾಡೇನು?’

ಮೂರು ತಿಂಗಳು ನಾನು ಬಡಗಲವನ್ನು ಮೂಡಲ ಅಂದುಕೊಂಡು ತಿರುಗಿದ್ದೆ. ತೆಂಕಲಕ್ಕೆ ತಲೆ ಹಾಕಿದ್ದೇನೆ ಅಂದುಕೊಂಡು ಮೂಡಲಕ್ಕೆ ತಲೆ ಹಾಕಿ ಮಲಗಿದ್ದೆ. ಅದೇನೂ ಕೆಟ್ಟದ್ದಲ್ಲ, ಆದರೆ ಪುಣ್ಯ ನನ್ನದಲ್ಲ. ಕರಡನ್ನು ನನ್ನ ಕಡೆ ಎಳೆದುಕೊಂಡೆ. ಆಮೇಲೆ ಹೇಳಿದೆ: ‘ಸಾಧನಕ್ಕ ಹೇಳು. ಮುದುಕಿ ಹೇಳಿದ್ದನ್ನೆಲ್ಲ ಕಾಲುಭಾಗ ತಿರುಗಿಸು ಅನ್ನು. ನಾ ಮೂಡಲ ಅಂದದ್ದು ಬಡಗಲ, ಬಡಗಲ ಅಂದದ್ದು ಪಡುವಲ.’

ವಿದ್ಯಾ ಹಾಗೇ ಬರೆದು ಹಾಕಿದಳು. ಏಳು ಓಣಿ ಎದ್ದು ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಕಂಪೌಂಡ್ ಖಾಲಿಯಾಯಿತು, ಕೆರೆಯಲ್ಲಿ ನೀರು ಮಾತ್ರ ಉಳಿಯಿತು. ಮೃಣಾಲ್ ನನ್ನ ಕೈ ಹಿಡಿದು ನಕ್ಕಳು. ಆದರೆ ಮೂರು ಓಣಿಗಳಲ್ಲಿ ಅವರ ಎಡಬಲವೂ ನನ್ನ ದಿಕ್ಕೂ ಗಂಟುಬಿದ್ದಿದ್ದವು, ಅವು ಬಿಡಿಸಲು ಬರಲಿಲ್ಲ. ನಡೆದೇ ನೋಡಬೇಕು. ಕರೆದೊಯ್ಯಬೇಕಾದವಳು ಶಾಂತವ್ವ.

ಗುರುವಾರ ಬೆಳಿಗ್ಗೆ ಅವಳ ಬಾಗಿಲಿಗೆ ಹೋದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

‘ತಪ್ಪು ನಂದು. ನೀ ಹೇಳಿದ್ದು ಖರೇ. ನಿನ್ನ ಬಾಯಿ ಮುಚ್ಚಿಸಿದೆ.’

ಅವಳು ಪಾತ್ರೆ ತೊಳೆಯುತ್ತಲೇ ಕೇಳಿದಳು: ‘ಹಂಗಾರ ನಮ್ಮ ಓಣಿ ಬರೂದಿಲ್ಲೇನ್ರಿ?’

‘ನೀ ಬಂದು ದಾರಿ ಹೇಳಿದ್ರ ಬರತೈತಿ.’

‘ನಾ ಹೇಳ್ತೀನಿ. ನೀವು ತಿರುಗಿ ಹೇಳಬ್ಯಾಡ್ರಿ ಮತ್ತ.’

‘ಇಲ್ಲ.’

‘ನಿಮ್ಮ ದೇವರಾಣಿ ಮಾಡ್ರಿ.’ ಕೈಯಲ್ಲಿದ್ದ ಪಾತ್ರೆ ಬೋರಲು ಹಾಕಿ, ‘ಬ್ಯಾಡ ಬಿಡ್ರಿ, ಆ ದೇವರ ಮ್ಯಾಲ ಆಣಿ ಎಂಥಾದ್ದು’ ಅಂದಳು. ಕೈ ಒರೆಸಿಕೊಂಡು ಎದ್ದಳು. ಎರಡು ಮನೆಯ ಕೆಲಸಕ್ಕೆ ತಡವಾಗಿ ಬರುತ್ತೇನೆಂದು ಫೋನ್ ಮಾಡಿ, ಬೈಸಿಕೊಂಡು, ನಮ್ಮ ಜೊತೆ ನಡೆದಳು.

ಎರಡು ದಿನ ನಡೆದೆವು. ಅವಳು ಮುಂದೆ, ಫೋನ್ ಹಿಡಿದ ವಿದ್ಯಾ ನಡುವೆ, ನಾನು ಹಿಂದೆ. ಬಾಯಿ ಮುಚ್ಚಿಕೊಂಡು ನಡೆಯುವುದು ಮೊಣಕಾಲು ನೋವಿಗಿಂತ ಕಷ್ಟ. ಆದರೆ ಸುಮ್ಮನಿದ್ದದ್ದಕ್ಕೆ ನಾನು ಕಾಣದಿದ್ದುದು ಕಂಡಿತು. ಜೋಳ ಬೀಸುವ ಗಿರಣಿ ಮುಂದಿನ ದಾರಿ ಬಿಟ್ಟು ಅವಳು ಮೂರು ಮನೆ ಸುತ್ತಿಕೊಂಡು ಹೋಗುತ್ತಾಳೆ, ಯಾಕೆಂದರೆ ಅಲ್ಲಿ ಕೂತ ಗಂಡಸರು ಹೋಗಿ ಬರುವವರನ್ನು ಅಣಕಿಸುತ್ತಾರೆ. ಮಳೆ ಬಂದಾಗ ಒಂದು ದಾರಿ, ನೀರಿನ ಕೊಡ ಹೊತ್ತಾಗ ಇನ್ನೊಂದು. ನನ್ನ ಚೊಕ್ಕ ದಿಕ್ಕಿನಲ್ಲಿ ಇದು ಯಾವುದೂ ಇರಲಿಲ್ಲ. ವಿದ್ಯಾ ಗಿರಣಿಯ ಸುತ್ತುದಾರಿಯನ್ನೂ ಬರೆದಳು, ಗಂಡಸರನ್ನು ಬರೆಯಲಿಲ್ಲ.

ಶನಿವಾರ ಹತ್ತೂ ಹೆಂಗಸರು ಬಂದರು. ಬಟ್ಟೆಯ ಮುಂದೆ ಶಾಂತವ್ವ ತುಂಬ ಹೊತ್ತು ನಿಂತಳು. ಬೆರಳಿನಿಂದ ತನ್ನ ದಾರಿಯಲ್ಲಿ ನಡೆದು ಬಾಗಿಲಿಗೆ ಬಂದು ನಿಂತಳು. ಫೋಟೊ ತೆಗೆಸಿ ಇಂಡಿಗೆ ಕಳಿಸಿದಳು. ಹತ್ತು ನಿಮಿಷಕ್ಕೆ ಮೈದುನನ ಫೋನ್. ಎಲ್ಲರಿಗೂ ಕೇಳುವ ಹಾಗೆ ಹಚ್ಚಿದಳು.

‘ವೈನಿ, ಪಕ್ಕಾ ಮನೀನ ಅದಲ್ಲ ನಿಂದು. ಬಾಗಲಕ ಹಸರು ಬಣ್ಣ ಹಚ್ಚೀ.’

‘ಹೌದು’ ಅಂದಳು. ‘ಬರೂದಿದ್ರ ಬಾ. ದಾರಿ ಅದರಾಗ ಅದ.’

ದೀಪಾವಳಿಗೆ ನಾನು ಊರಿಗೆ ಹೋಗಿದ್ದೆ. ಬಸ್ಸಿನಿಂದ ಇಳಿದು ನೆಲಕ್ಕೆ ಕಾಲಿಟ್ಟದ್ದೇ ತಡ, ಮೂಡಲ ಮೂಡಲದಲ್ಲಿತ್ತು, ಯಾರನ್ನೂ ಕೇಳಬೇಕಾಗಲಿಲ್ಲ. ಮಗಳ ಮನೆಯಿರುವ ಭೋಸರಿಯಲ್ಲಿ ಹಾಗಲ್ಲ. ಈಗ ಮಳೆ ಹೋಗಿದೆ, ಸೂರ್ಯ ದಿನವೂ ಕಾಣುತ್ತಾನೆ, ಬುದ್ಧಿಗೆ ಎಲ್ಲ ಗೊತ್ತು. ಆದರೆ ಮೈ ಇನ್ನೂ ಮೊದಲು ಕಟ್ಟಿಕೊಂಡದ್ದನ್ನೇ ಹಿಡಿದಿದೆ. ಅಲ್ಲಿ ನನಗೆ ಸೂರ್ಯ ಇವತ್ತಿಗೂ ತೆಂಕಲಕ್ಕೆ ಹುಟ್ಟುತ್ತಾನೆ. ಹಾಗಾದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ ನನ್ನ ತಲೆ ತಿರುಗುತ್ತಿರಬೇಕು. ತಿರುಗುವ ಜಾಗವನ್ನು ಹಿಡಿಯಲೇಬೇಕೆಂದು ಮರಳಿ ಬರುವಾಗ ಬೆಳಗಾವಿಯಿಂದ ಕಿಟಕಿಯ ಪಕ್ಕ ಕಣ್ಣು ಮುಚ್ಚದೆ ಕೂತೆ. ನಿಪ್ಪಾಣಿಯಲ್ಲಿ ದಿಕ್ಕು ಸರಿಯಿತ್ತು. ಕೊಲ್ಹಾಪುರದಲ್ಲೂ ಸರಿಯಿತ್ತು.

ಕರಾಡದಲ್ಲಿ ಒಬ್ಬ ಹೆಂಗಸು ಹತ್ತಿದಳು. ಬಿಸಿಲು ಯಾವ ಕಡೆ ಬರುತ್ತದೆ ಆಜಿ, ಎಲ್ಲಿ ಕೂರಲಿ ಎಂದು ಮರಾಠಿಯಲ್ಲಿ ಕೇಳಿದಳು. ಮಧ್ಯಾಹ್ನ ಇಳಿದಿತ್ತು. ನಾನು ಒಂದು ಗಳಿಗೆಯೂ ಯೋಚಿಸದೆ ಹೇಳಿದೆ: ಬಸ್ಸು ಮೂಡಲಕ್ಕೆ ಹೊರಟಿದೆ, ಬಿಸಿಲು ಅದರ ಬೆನ್ನಿಗೆ ಬೀಳುತ್ತದೆ, ಇಲ್ಲೇ ನನ್ನ ಪಕ್ಕ ಕೂರು. ಬಸ್ಸು ನಿಲ್ದಾಣ ಬಿಟ್ಟು ಹೆದ್ದಾರಿಗೆ ಹೊರಳಿದ ಕೂಡಲೇ ಬಿಸಿಲು ಕಿಟಕಿಯಿಂದ ಬಂದು ಇಬ್ಬರ ಮುಖಕ್ಕೂ ಬಡಿಯಿತು. ಬಸ್ಸು ಹೊರಟಿದ್ದದ್ದು ಬಡಗಲಕ್ಕೆ.

ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೇಳಿದಳು: ‘ಯಾವೂರು ಆಜಿ ನಿಮ್ಮದು?’

‘ಕೊಲ್ಹಾಪುರದ ತನಕ ಬೈಲಹೊಂಗಲ ಇತ್ತು’ ಅಂದೆ. ‘ಈಗ ಭೋಸರಿ ಆಗಿದೆ ಅನ್ನಿಸುತ್ತದೆ.’

ಅವಳಿಗೆ ತಿಳಿಯಲಿಲ್ಲ. ಸರಿದು ಕೂತು, ತನ್ನ ಸೆರಗಿನ ತುದಿಯನ್ನು ನನ್ನ ಮುಖಕ್ಕೂ ಅಡ್ಡ ಹಿಡಿದಳು.