ಖಾಜಾಸಾಬರು ನಮ್ಮ ಏರ್ ಫ್ರೈಯರ್ ನೋಡಲು ಬಂದರು

“ಸರ್ರ, ನನ್ನ ಗಿರಾಕಿ ಕಸಗೊಂಡ ಮಷಿನ್ ಎಲ್ಲೈತ್ರಿ? ತೋರಸ್ರಿ!” ಎನ್ನುತ್ತ ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತವರು, ಕುಷ್ಟಗಿ ಬಸ್ ನಿಲ್ದಾಣದ ಬಳಿ ಮಿರ್ಚಿ ಭಜಿ ಮಾರುವ ಖಾಜಾಸಾಬರು. ಡಾಕ್ಟರು ಕರಿದದ್ದು ಬಿಡಿಸಿದ ಮೇಲೆ ನಾನು ಅವರ ಬಂಡಿಯತ್ತ ಸುಳಿದಿರಲಿಲ್ಲ. ಕರಿಯದೆ ಬಿಸಿಗಾಳಿಯಲ್ಲೇ ಗರಿಗರಿ ಮಾಡುವ ಏರ್ ಫ್ರೈಯರ್ ಕೊಂಡ ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು.

ಅಡುಗೆಮನೆಗೆ ಕರೆದೊಯ್ದೆ. ಮಗಳು ಹುಬ್ಬಳ್ಳಿಯಿಂದ ತಂದಿದ್ದ ಬ್ರಸೆಲ್ಸ್ ಸ್ಪ್ರೌಟ್ಸ್, ಅಂದರೆ ನಿಂಬೆಕಾಯಿ ಗಾತ್ರದ ಎಲೆಕೋಸು, ಅದರಲ್ಲಿ ಬೇಯುತ್ತಿತ್ತು. ಗರಿಗರಿಯಾಗಬೇಕಿದ್ದದ್ದು ಮೆತ್ತಗಾಗಿ ಕೂತಿತ್ತು. ಖಾಜಾಸಾಬರು ಬುಟ್ಟಿ ಎಳೆದು ನೋಡಿ ಹಣೆ ಚಚ್ಚಿಕೊಂಡರು.

“ತೊಳೆದ ನೀರು ಆರಿಸದ ಕಾಯಿ ಹಾಕೀರಿ, ಅದೂ ಜಾತ್ರಿ ಬಸ್ಸಿನಾಗ ತುಂಬಿದಂಗ! ಹಿಂಗಾದ್ರ ಹೆಂಗ ಗರಿಗರಿ ಆಗ್ತಾವ್ರಿ?”

ಉಳಿದ ಕಾಯಿಗಳನ್ನು ಅವರೇ ಬಟ್ಟೆಯಲ್ಲಿ ಒರೆಸಿ, ಎರಡು ಹೋಳು ಮಾಡಿ, ಉಪ್ಪು, ಖಾರದಪುಡಿ, ಒಂದೇ ಚಮಚ ಎಣ್ಣೆ ಸವರಿ ಬಿಡಿಬಿಡಿಯಾಗಿ ಹರಡಿದರು. ಕಾಲು ಗಂಟೆಯಲ್ಲಿ ಎಲೆಯಂಚುಗಳು ಹಪ್ಪಳದಂತೆ ಕಟುಂ ಅಂದವು. ನನಗೆ ಸಿಕ್ಕಿದ್ದು ಎರಡೇ ಹೋಳು. ಮಿಕ್ಕದ್ದನ್ನು ಅವರು ನಿಂತಲ್ಲೇ ಖಾಲಿ ಮಾಡಿದರು. ನಾನು ಬೆರಗಾಗಿ ನೋಡುತ್ತಿದ್ದಾಗ ದನಿ ತಗ್ಗಿಸಿದರು:

“ನನಗೂ ಡಾಕ್ಟರು ಕರಿದಿದ್ದು ಬಂದ್ ಮಾಡ್ಯಾರ್ರಿ. ಗಿರಾಕಿಗಳ ಮುಂದ ಮಾತ್ರ ಹೇಳಬ್ಯಾಡ್ರಿ.”

ಮರುದಿನ ಸಂಜೆ ಬಂಡಿಯ ಮುಂದೆ ಹಾದುಹೋದೆ. “ನಾ ದಿನಾ ತಿಂತೀನ್ರಿ, ನೋಡ್ರಿ ಹೆಂಗದೀನಿ!” ಎಂದು ಯಾರಿಗೋ ಹೇಳುತ್ತಿದ್ದ ಖಾಜಾಸಾಬರು ನನ್ನನ್ನು ಕಂಡು ಕೆಮ್ಮಿದರು. ನಾನು ಗಂಭೀರವಾಗಿ ತಲೆಯಾಡಿಸಿ ಮುಂದೆ ನಡೆದೆ. ಅಂದಿನಿಂದ ನನ್ನ ಪಥ್ಯ ಅಷ್ಟು ಸಪ್ಪೆ ಅನ್ನಿಸುತ್ತಿಲ್ಲ.