ಗೋಡೆಯ ಮಾತಿಗೆ ಕಿವಿಗೊಡುವ ಗಾರೆ ಅಕ್ಕ

ಬೆಳಗಿನ ಐದೂವರೆ. ಚರ್ಚಿನ ಬಾಗಿಲು ತೆರೆದ ಗಾರೆ ಅಕ್ಕ ಸಣ್ಣ ಸುತ್ತಿಗೆಯಿಂದ ಕಂಬಕ್ಕೆ ಮೆಲ್ಲಗೆ ತಟ್ಟುತ್ತಾರೆ. ಟಣ್. ಗೇಣು ಕೆಳಗೆ ಮತ್ತೆ, ಟಣ್. ಮೂರನೆಯ ಏಟಿಗೆ ‘ಡಬ್’ ಎನ್ನುತ್ತದೆ. ಅಲ್ಲಿಗೆ ಸೀಮೆಸುಣ್ಣದ ಸುತ್ತು ಬೀಳುತ್ತದೆ. “ಒಳಗೆ ಕಂಬಿ ತುಕ್ಕು ಹಿಡಿದು ಊದ್ಕೊಂಡಿದೆ. ಈಗ್ಲೇ ಕೆತ್ತಿ ಮೆತ್ತಬೇಕು. ಬಿಟ್ರೆ ಚಕ್ಕೆ ಉದುರುತ್ತೆ.”

ಅಕ್ಕನಿಗೆ ಅರವತ್ತೆರಡು, ಚರ್ಚಿಗೆ ಐವತ್ತೆಂಟು. ಗೋಪುರವಿಲ್ಲ, ಬಣ್ಣವಿಲ್ಲ. ಮಡಿಸಿದ ಕಾಗದದಂತೆ ನಲವತ್ತಡಿ ಎತ್ತರದಲ್ಲಿ ನಿಂತ ಬೂದು ಚಾವಣಿ. ಮಡಿಕೆಗಳ ಸಂದಿಯಿಂದ ಇಳಿಯುವ ಬೆಳಕು. ಗಿಲಾವು ಕಾಣದ ಗೋಡೆಯ ಮೇಲೆ ಕಾಂಕ್ರೀಟ್ ಸುರಿದ ಅಚ್ಚಿನ ಹಲಗೆಗಳ ಗೆರೆ, ಗಂಟುಗಳು ಹಾಗೇ ಮೂಡಿವೆ. ಆ ಹಲಗೆ ಜೋಡಿಸಿದ ಬಡಗಿಗಳಲ್ಲಿ ಅಕ್ಕನ ಅಪ್ಪನೂ ಒಬ್ಬರು. ಹಸಿ ಕಾಂಕ್ರೀಟ್ ಒಣಗದಂತೆ ಮೂರು ವಾರ ನೀರು ಹೊತ್ತವರು ಅಮ್ಮ. “ಜನ ‘ಇದೇನು, ಗೋದಾಮಾ?’ ಅಂತ ನಗಾಡಿದ್ರಂತೆ. ಅಪ್ಪನಿಗೆ ಮೂರು ದಿನ ಊಟ ಸೇರಲಿಲ್ಲವಂತೆ.”

ಹನ್ನೆರಡು ವರ್ಷಗಳ ಹಿಂದೆ ಚಾವಣಿಯಿಂದ ಅಂಗೈಯಗಲದ ಚಕ್ಕೆಯೊಂದು ಖಾಲಿ ಬೆಂಚಿನ ಮೇಲೆ ಬಿತ್ತು. ಚರ್ಚಿನ ಸಮಿತಿ ಕಟ್ಟಡಕ್ಕೆ ಬೀಗ ಹಾಕಿ, ಕೆಡವುವ ಮಾತಾಡಿತು. ಬೇರೆ ಕಡೆ ಗಾರೆ ಕೆಲಸ ಮಾಡುತ್ತಿದ್ದ ಅಕ್ಕ ಓಡಿ ಬಂದರು. “ಒಂದು ವಾರ ಕೊಡಿ ಸ್ವಾಮಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ” ಎಂದು ಅಂಗಲಾಚಿದರು.

ಅಟ್ಟಣಿಗೆ ಏರಿ ಏಳು ದಿನ ಇಡೀ ಚಾವಣಿ ತಟ್ಟಿದರು. ಕತ್ತು ಹಿಡಿದುಕೊಂಡಿತು, ಕಣ್ಣಿಗೆ ಧೂಳು ತುಂಬಿತು. ನಲವತ್ತೊಂದು ಸುತ್ತು ಬಿದ್ದವು. ಕೆಡವಲು ವರದಿ ಬರೆಯಬೇಕಿದ್ದ ಎಂಜಿನಿಯರ್ ಯಂತ್ರ ತಂದು ಪರೀಕ್ಷಿಸಿದರೆ, ಎರಡು ಬಿಟ್ಟು ಉಳಿದೆಲ್ಲವೂ ಸರಿ! “ಯಾರಮ್ಮ ಕಲಿಸಿದ್ದು?” ಎಂದರಂತೆ. “ಯಾರೂ ಇಲ್ಲ ಸಾರ್, ಕೇಳಿಸುತ್ತೆ ಅಷ್ಟೆ.” ಕೆಟ್ಟದ್ದು ಅಷ್ಟೇ, ಉಳಿದದ್ದು ಗಟ್ಟಿ ಎಂದು ಅವರು ವರದಿ ಬದಲಿಸಿದರು. ದುರಸ್ತಿಗೆ ಹನ್ನೊಂದು ತಿಂಗಳು ಹಿಡಿಯಿತು.

ಅಂದಿನಿಂದ ಚರ್ಚಿನ ಆರೈಕೆ ಅಕ್ಕನದೇ. ದಿನಕ್ಕೆ ನಾಲ್ಕು ಕಂಬ, ಒಂದು ಗೋಡೆ. ಮೇಲಿನದಕ್ಕೆ ಉದ್ದನೆಯ ಬಿದಿರಿನ ಕೋಲು. ಸೊಸೆಯ ದೂರು ಬೇರೆ: “ಮನೇಲಿ ಹತ್ತು ಸಲ ಕರೆದ್ರೂ ಅತ್ತೆಗೆ ಕೇಳಲ್ಲ. ಗೋಡೆ ಪಿಸುಗುಟ್ಟಿದ್ರೆ ಸಾಕು, ಕಿವಿ ನೆಟ್ಟಗಾಗುತ್ತೆ!” ಅಕ್ಕ ಮುಸಿಮುಸಿ ನಗುತ್ತಾರೆ.

ಭಾನುವಾರಗಳಲ್ಲಿ ನೀವೂ ಪ್ರಾರ್ಥನೆಗೆ ಕೂರುತ್ತೀರಾ ಎಂದು ಅಕ್ಕನನ್ನು ಕೇಳಿದೆ.

“ಕೂರ್ತೀನಿ. ಎಲ್ರೂ ಕಣ್ಣು ಮುಚ್ಕೋತಾರೆ. ನಾನು ಮೇಲೆ ನೋಡ್ತಾ ಇರ್ತೀನಿ. ಅಷ್ಟು ಜನ ಕೆಳಗೆ ಕೂತಿರ್ತಾರಲ್ಲ, ಒಬ್ರಾದ್ರೂ ನೋಡ್ಕೋಬೇಡ್ವಾ?”